ಮಿಕ್ಕಿದ ಒಂದು ತಟ್ಟೆ

ರಾತ್ರಿ ಅಡುಗೆಮನೆಯ ದೀಪ ಆರಿಸುವ ಮುಂಚೆ ತಟ್ಟೆ ಎಣಿಸುವುದು ನನ್ನ ಹಳೆಯ ಅಭ್ಯಾಸ. ಪಿ.ಜಿ. ನಡೆಸುವವರಿಗೆ ಸ್ಟೀಲ್ ತಟ್ಟೆ ಎಂದರೆ ದುಡ್ಡು. ತಿಂಗಳಿಗೆ ಎರಡಾದರೂ ಮಾಯವಾಗುತ್ತವೆ. 2024ರ ಜುಲೈನ ಒಂದು ಸೋಮವಾರ ಲೆಕ್ಕವೇನೋ ಸರಿಯಾಗಿತ್ತು. ಆದರೆ ಊರಿಗೆ ಹೋದವರದನ್ನು ಬಿಟ್ಟು ಇದ್ದ ಮೂವತ್ತನಾಲ್ಕರಲ್ಲಿ ಒಂದು ತಟ್ಟೆ ಒದ್ದೆಯೇ ಆಗಿರಲಿಲ್ಲ. ಯಾವನೋ ಹೊರಗೆ ಎಗ್‌ರೈಸ್ ತಿಂದು ಬಂದಿರಬೇಕು ಅಂದುಕೊಂಡೆ. ಮಂಗಳವಾರವೂ ಒಂದು ಒಣಗಿಯೇ ಇತ್ತು. ಬುಧವಾರ ಬೆಳಿಗ್ಗೆ ಉಪ್ಪಿಟ್ಟಿಗೂ ಒಂದು ತಟ್ಟೆ ಮಿಕ್ಕಿತು. ಮನಸ್ಸು ತಡೆಯಲಿಲ್ಲ. ಒಂದೊಂದೇ ಬಾಗಿಲು ಬಡಿಯುತ್ತಾ ಮೇಲೆ ಹತ್ತಿದೆ.

ಮೂರನೇ ಮಹಡಿಯ ಕೊನೆಯ ರೂಮು. ಸಿಂಧನೂರು ಕಡೆಯ ಹುಡುಗ, ಇಪ್ಪತ್ತಾರು ವರ್ಷ, ರಗ್ಗಿನೊಳಗೆ ಮುದುಡಿ ಮಲಗಿದ್ದ. ಹಣೆ ಮುಟ್ಟಿದರೆ ಕಾದ ಹೆಂಚು. ಜೊತೆಯವನು ಊರಿಗೆ ಹೋಗಿ ನಾಲ್ಕು ದಿನವಾಗಿತ್ತು. ನೆಲದ ಮೇಲೆ ಬಿಸ್ಕತ್ತಿನ ಎರಡು ಖಾಲಿ ಪೊಟ್ಟಣ, ತಳ ಕಂಡ ನೀರಿನ ಬಾಟಲಿ. ದಿಂಬಿನ ಪಕ್ಕದಲ್ಲಿ ಚಾರ್ಜಿಗೆ ಹಾಕಿದ ಫೋನು.

“ಯಾಕಪ್ಪಾ, ಯಾರಿಗೂ ಹೇಳಲೇ ಇಲ್ಲವಲ್ಲ?” ಅಂದೆ.

“ಯಾರಿಗ್ ಹೇಳ್ಬೇಕ್ರೀ ಆಂಟಿ? ಎಲ್ಲಾರೂ ಓದಾಕತ್ತಾರ. ನಿಮಗ್ಯಾಕ ತ್ರಾಸು ಅಂತ...”

ಆ ವರ್ಷ ರಾಜ್ಯದ ತುಂಬ ಡೆಂಗಿ, ಇವನಿಗೂ ಅದೇ. ನರ್ಸಿಂಗ್ ಹೋಮಿನಲ್ಲಿ ಪ್ಲೇಟ್‌ಲೆಟ್ ವರದಿಗೆ ಕಾಯುತ್ತಾ ಕುಳಿತಾಗ ಅವನೇ ಒಂದು ಮಾತು ಹೇಳಿದ. ಜ್ವರ ಬಂದ ಮೊದಲ ರಾತ್ರಿ ಇನ್‌ಸ್ಟಾಗ್ರಾಂನಲ್ಲಿ ಒಂದು ಸ್ಟೋರಿ ಹಾಕಿದ್ದನಂತೆ: ಕಿಟಕಿಯ ಸರಳಿನಾಚೆ ಮಳೆ, ಹಿಂದೊಂದು ಹಾಡು. 286 ಜನ ನೋಡಿದ್ದರು. ಹನ್ನೊಂದು ಜನ ಹೃದಯದ ಗುರುತು ಒತ್ತಿದ್ದರು. ಒಬ್ಬ “ಸೂಪರ್ ವ್ಯೂ ಬ್ರೋ” ಎಂದು ಬರೆದಿದ್ದ. ನೋಡಿದವರ ಪಟ್ಟಿಯಲ್ಲಿ ನಮ್ಮ ಪಿ.ಜಿ.ಯ ಒಂಬತ್ತು ಹುಡುಗರಿದ್ದರು. ಅವರಲ್ಲಿ ಒಬ್ಬ ಪಕ್ಕದ ರೂಮಿನವನು. ಇಬ್ಬರ ಮಂಚಗಳ ನಡುವೆ ನಾಲ್ಕೂವರೆ ಇಂಚಿನ ಗೋಡೆ.

ನಾವು ಚಿಕ್ಕವರಿದ್ದಾಗ ತಿಪಟೂರಿನಲ್ಲಿ ಮುಟ್ಟಾಟ ಆಡುವಾಗ ತೀರಾ ಸಣ್ಣ ಮಕ್ಕಳು ಅಳುತ್ತವೆಂದು ಅವನ್ನೂ ಸೇರಿಸಿಕೊಳ್ಳುತ್ತಿದ್ದೆವು. ಅವು ಎಲ್ಲರ ಜೊತೆ ಓಡುತ್ತವೆ, ಕೂಗುತ್ತವೆ. ಆದರೆ ಅವನ್ನು ಯಾರೂ ಹಿಡಿಯುವುದಿಲ್ಲ, ಮಧ್ಯದಲ್ಲಿ ಎದ್ದು ಮನೆಗೆ ಹೋದರೂ ಆಟ ನಿಲ್ಲುವುದಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನನಗೆ ಆ ಗಾದೆ ನೆನಪಾಯಿತು. ನಮ್ಮ ಹುಡುಗರ ಒಂಟಿತನದ ಬಗ್ಗೆ ನನಗೆ ಹೇಳಬೇಕಾಗಿರುವುದೂ ಅಷ್ಟೇ. ಅವರನ್ನು ನೋಡುವವರಿಗೆ ಬರವಿಲ್ಲ. ಅವರು ಕಾಣದಿದ್ದರೆ ಯಾಕೆ ಕಾಣಲಿಲ್ಲ ಎನ್ನುವವರಿಲ್ಲ.

ನಮ್ಮ ಪಿ.ಜಿ. ಇರುವುದು ಬೆಂಗಳೂರಿನ ವಿಜಯನಗರದಲ್ಲಿ. ಈ ಕಡೆ ಓಡಾಡಿದವರಿಗೆ ಗೊತ್ತು, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಎಲ್ಲ ಸೇರಿಸಿ ಇದೊಂದು ಪರೀಕ್ಷೆಗಳ ಊರು. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಪಿಡಿಒ ಎಂದು ಕಂಬಕಂಬಕ್ಕೂ ಕೋಚಿಂಗ್ ಬೋರ್ಡು. ರಾಯಚೂರು, ಕಲಬುರಗಿ, ವಿಜಯಪುರ, ಕೊಪ್ಪಳದ ಹುಡುಗರು ಒಂದು ಟ್ರಂಕು, ಒಂದು ಚೀಲ ಶೇಂಗಾ ಚಟ್ನಿ ಹಿಡಿದುಕೊಂಡು ಬರುತ್ತಾರೆ. ಒಂದು ವರ್ಷಕ್ಕೆಂದು ಬಂದವರು ನಾಲ್ಕು ವರ್ಷ ಉಳಿಯುತ್ತಾರೆ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯನ್ನೇ ನೋಡಿ. 2021ರ ಅಕ್ಟೋಬರ್‌ನಲ್ಲಿ ಬರೆದದ್ದು ಅಕ್ರಮದ ಕಾರಣಕ್ಕೆ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಷ್ಟೂ ದಿನ ನಮ್ಮಲ್ಲೇ ಇದ್ದ ಒಬ್ಬನ ತಂಗಿಗೆ ಆ ನಡುವೆ ಮದುವೆಯಾಗಿ ಮಗುವೂ ಆಯಿತು. ಇವನು ಅದೇ ಮಂಚ, ಅದೇ ಪುಸ್ತಕ.

ಇಂಥವರು ಊರಿಗೆ ಹೋಗುವುದೇ ಕಮ್ಮಿ. ಜಾತ್ರೆಗೆ ಹೋದರೆ ತೇರಿನ ಮುಂದೆಯೇ “ಏನಾತೋ ತಮ್ಮಾ ನಿಂದು?” ಎಂದು ಕೇಳುತ್ತಾರೆ. ಇಲ್ಲಿ ಇದ್ದರೆ ಫೋನು ಕೇಳುತ್ತದೆ. ಜೊತೆಗೆ ಓದಿದವನು ಖಾಕಿ ಹಾಕಿಕೊಂಡು ಅಪ್ಪ ಅಮ್ಮನಿಗೆ ಟೋಪಿ ತೊಡಿಸಿದ ಫೋಟೊ, ಇನ್ನೊಬ್ಬ ಕಾರಿಗೆ ಪೂಜೆ ಮಾಡಿಸಿದ ರೀಲ್. ಟೆಲಿಗ್ರಾಂ ಗುಂಪಿನಲ್ಲಿ ಸಾವಿರಾರು ಜನ. ರಾತ್ರಿ ಎರಡಕ್ಕೆ ಸಂವಿಧಾನದ ಯಾವುದೋ ತಿದ್ದುಪಡಿಯ ಬಗ್ಗೆ ಕೇಳಿದರೂ ನಿಮಿಷದಲ್ಲಿ ಉತ್ತರ ಬರುತ್ತದೆ. ಉತ್ತರ ಕೊಟ್ಟವನ ಮುಖ ಕಂಡವರಿಲ್ಲ. ಹಗಲು ಕೂರುವ ರೀಡಿಂಗ್ ರೂಮಿನಲ್ಲೂ ಒಂದೊಂದು ಕುರ್ಚಿಗೂ ಎರಡೂ ಬದಿಗೆ ಪ್ಲೈವುಡ್ ಹಲಗೆ. ಪಕ್ಕದವನ ಮೊಣಕೈ ಕಾಣಬಾರದು ಎನ್ನುವುದೇ ಅಲ್ಲಿನ ವಿಶೇಷ ಸೌಲಭ್ಯ, ತಿಂಗಳಿಗೆ ಇನ್ನೂರು ರೂಪಾಯಿ ಜಾಸ್ತಿ.

ಇದು ವಿಜಯನಗರದ ಕಥೆ ಮಾತ್ರ ಅಲ್ಲ ಎಂದು ಪತ್ರಿಕೆ ಓದಿ ತಿಳಿದುಕೊಂಡೆ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್‌ನಲ್ಲಿ ವರದಿ ಕೊಟ್ಟಿದೆ. ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆಯಂತೆ. 13ರಿಂದ 29 ವರ್ಷದವರಲ್ಲಿ ಹಾಗೆ ಹೇಳಿಕೊಂಡವರು ಶೇ 17ರಿಂದ 21. ಒಂಟಿತನ ಎಂದರೆ ಮಕ್ಕಳು ಪರದೇಶಕ್ಕೆ ಹೋದ ಮುದುಕರ ಪಾಡು ಎಂದು ನಾವೆಲ್ಲ ತಿಳಿದಿದ್ದೆವು. ಬಡ ದೇಶಗಳಲ್ಲಿ ಅದು ಶ್ರೀಮಂತ ದೇಶಗಳ ಎರಡು ಪಟ್ಟು ಇದೆ ಎಂಬ ಸಾಲು ಓದಿ ಇನ್ನೂ ಅಚ್ಚರಿಯಾಯಿತು. ಆ ಆಯೋಗದ ಇಬ್ಬರು ಅಧ್ಯಕ್ಷರಲ್ಲಿ ಒಬ್ಬರು ವಿವೇಕ್ ಮೂರ್ತಿ, ನಮ್ಮ ಮಂಡ್ಯದ ಹಲ್ಲೆಗೆರೆ ಮೂಲದವರು. ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಅವರು ಹೊರಡಿಸಿದ ಎಚ್ಚರಿಕೆಯ ಪತ್ರದಲ್ಲಿ ಒಂದು ಲೆಕ್ಕ ಇತ್ತು. ಅಲ್ಲಿನ 15ರಿಂದ 24 ವರ್ಷದವರು ಗೆಳೆಯರ ಜೊತೆ ಎದುರುಬದುರು ಕಳೆಯುತ್ತಿದ್ದ ಹೊತ್ತು 2003ರಲ್ಲಿ ದಿನಕ್ಕೆ ಸುಮಾರು 150 ನಿಮಿಷ. 2020ರಲ್ಲಿ 40 ನಿಮಿಷ. 2020 ಕೋವಿಡ್ ವರ್ಷ ನಿಜ, ಆದರೆ ಇಳಿಕೆ ಅದಕ್ಕೂ ಎಷ್ಟೋ ಮುಂಚೆ ಶುರುವಾಗಿತ್ತು.

ಇದನ್ನು ಬೆಳಗಿನ ವಾಕಿಂಗ್‌ನಲ್ಲಿ ಹೇಳಿದರೆ ನನ್ನ ಜೊತೆಯ ಹೆಂಗಸರು ಒಂದೇ ತೀರ್ಪು ಕೊಡುತ್ತಾರೆ: “ಎಲ್ಲಾ ಆ ಮೊಬೈಲಿಂದ ಕಣ್ರೀ.” ತೀರ್ಪಿನಲ್ಲಿ ಹುರುಳಿಲ್ಲ ಎನ್ನಲಾರೆ. 2011ರಲ್ಲಿ ನಾನು ಪಿ.ಜಿ. ತೆರೆದಾಗ ಹುಡುಗರು ಹತ್ತು ರೂಪಾಯಿ ಕರೆನ್ಸಿ ಹಾಕಿಸಿಕೊಂಡು ಊರಿಗೆ ಎರಡು ಮಾತಾಡಿ ಇಡುತ್ತಿದ್ದರು. 2016ರಲ್ಲಿ ಜಿಯೋ ಬಂತು, ಡೇಟಾ ನೀರಿನಂತೆ ಹರಿಯಿತು. 2020ರಲ್ಲಿ ಟಿಕ್‌ಟಾಕ್ ಹೋಯಿತು. ಅದರ ಬೆನ್ನಿಗೇ ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಬಂತು. ಪುಸ್ತಕಕ್ಕೆ ಕೊನೆಯ ಪುಟ ಇರುತ್ತದೆ, ಸಿನಿಮಾಕ್ಕೆ ‘ಶುಭಂ’ ಇರುತ್ತದೆ. ಎಷ್ಟು ಎಳೆದರೂ ತಳ ಸಿಗದ ಹಾಗೆ ಇದನ್ನು ಬುದ್ಧಿವಂತರೇ ಕೂತು ಮಾಡಿದ್ದಾರೆ. ನಿಮ್ಹಾನ್ಸ್‌ನವರು ಇಂಥ ಚಟಕ್ಕೆಂದೇ 2014ರಷ್ಟು ಹಿಂದೆಯೇ ‘ಶಟ್’ ಎಂಬ ಕ್ಲಿನಿಕ್ ತೆರೆದರು. ಆಸ್ಟ್ರೇಲಿಯಾ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆಯೇ ಬೇಡ ಎಂದಿದೆ. ಆದರೆ ನನ್ನ ಹುಡುಗರು ಇಪ್ಪತ್ತೈದು ದಾಟಿದವರು. ಅವರ ಫೋನು ಕಿತ್ತುಕೊಳ್ಳಲು ನಾನು ಯಾರು? ಕಿತ್ತುಕೊಂಡೆ ಎಂದೇ ಇಟ್ಟುಕೊಳ್ಳಿ, ಅದರ ಬದಲು ಕೊಡಲು ನನ್ನ ಹತ್ತಿರ ಏನಿದೆ?

ಇಲ್ಲಿ ನನ್ನ ತಪ್ಪನ್ನೂ ಹೇಳಿಕೊಳ್ಳಬೇಕು. ನೆಲಮಹಡಿಯಲ್ಲಿ ನಮಗೊಂದು ಊಟದ ಹಾಲ್ ಇತ್ತು. ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದ, ಎರಡು ಕಡಪ ಕಲ್ಲಿನ ಮೇಜು, ಮೂಲೆಯಲ್ಲಿ ಟಿವಿ. ಬುಧವಾರ, ಭಾನುವಾರ ಜಮಖಂಡಿಯ ಅಕ್ಕ ಬಂದು ಜೋಳದ ರೊಟ್ಟಿ ತಟ್ಟುತ್ತಿದ್ದಳು. ಬಿಸಿ ರೊಟ್ಟಿಗೆ ಸಾಲು ನಿಲ್ಲಬೇಕು. ಸಾಲು ನಿಂತಾಗ ಮಾತು, ಮಾತಿಗೆ ಮಾತು, ಆರ್‌ಸಿಬಿ ಸೋತರೆ ರಿಮೋಟಿಗೆ ಹೊಡೆದಾಟ. ರಗಳೆ ಎಂದು ನಾನೇ ಎಷ್ಟೋ ಸಲ ಗದರಿದ್ದೇನೆ. 2020ರಲ್ಲಿ ಕೋವಿಡ್ ಬಂದು ಪಿ.ಜಿ. ಪೂರ್ತಿ ಖಾಲಿಯಾಯಿತು, ಬ್ಯಾಂಕಿನ ಕಂತು ಖಾಲಿಯಾಗಲಿಲ್ಲ. ಮರುವರ್ಷ ಹುಡುಗರು ವಾಪಸ್ ಬರತೊಡಗಿದಾಗ ಹಾಲ್‌ಗೆ ನಡುವೆ ಗೋಡೆ ಎಬ್ಬಿಸಿ ಆರು ಮಂಚ ಹಾಕಿಸಿದೆ. ತಿಂಗಳಿಗೆ ಮೂವತ್ತಮೂರು ಸಾವಿರ ಹೆಚ್ಚುವರಿ. ಊಟವನ್ನು ಮಹಡಿಗೊಂದು ಹಾಟ್‌ಬಾಕ್ಸ್‌ನಲ್ಲಿ ಇಟ್ಟರಾಯಿತು, ಅವರವರೇ ಬಡಿಸಿಕೊಂಡು ರೂಮಿಗೆ ಹೋಗುತ್ತಾರೆ. ರಗಳೆ ನಿಂತಿತು, ಮನೆ ತಣ್ಣಗಾಯಿತು. ಎಂಥ ಶಿಸ್ತು ಎಂದು ಅಕ್ಕಪಕ್ಕದವರು ಹೊಗಳಿದರು. ಒಬ್ಬ ಹುಡುಗ ಎರಡು ದಿನ ಜ್ವರದಲ್ಲಿ ಮಲಗಿದರೂ ಗೊತ್ತಾಗದಷ್ಟು ಶಿಸ್ತು.

ಫೋನು ಬಂದು ನಮ್ಮ ಜಾಗ ಕಿತ್ತುಕೊಂಡಿತು ಎಂದು ದೂರುತ್ತೇವೆ. ನನ್ನ ಮನೆಯ ಮಟ್ಟಿಗೆ ಜಾಗ ಖಾಲಿ ಮಾಡಿಸಿದವಳು ನಾನು. ಫೋನು ಬಾಡಿಗೆಗೆ ಬಂತು ಅಷ್ಟೇ. ಊರಿನಲ್ಲೂ ಇದೇ ನಡೆದಿದೆ. ದರ್ಶಿನಿಯಲ್ಲಿ ನಿಂತೇ ತಿಂದು ಕೈ ತೊಳೆಯಬೇಕು. ಶಾಲೆಯ ಮೈದಾನಕ್ಕೆ ಸಂಜೆ ಬೀಗ. ದುಡ್ಡು ಕೊಡದೆ ಒಂದು ಗಂಟೆ ಸುಮ್ಮನೆ ಕೂರಲು, ನಾಲ್ಕು ಜನರ ಜೊತೆ ಕೆಲಸವಿಲ್ಲದ ಮಾತಾಡಲು, ಇಪ್ಪತ್ತೈದರ ಹುಡುಗನಿಗೆ ಈ ಊರಿನಲ್ಲಿ ಎಷ್ಟು ಜಾಗಗಳಿವೆ, ಎಣಿಸಿ ನೋಡಿ.

ಹಾಗೆಂದು ಹಳೆಯದೆಲ್ಲ ಚಿನ್ನ ಎನ್ನುವವಳಲ್ಲ ನಾನು. ನಮ್ಮ ತಂದೆ 1950ರ ದಶಕದಲ್ಲಿ ಮೈಸೂರಿನಲ್ಲಿ ವಾರಾನ್ನ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಒಂದು ಗುರುವಾರ ಹೋಗದಿದ್ದಕ್ಕೆ ಆ ಮನೆಯ ಅಜ್ಜಿ ಮಗನನ್ನು ಹುಡುಕಲು ಕಳಿಸಿದ್ದನ್ನು ಎಂಬತ್ತರ ವಯಸ್ಸಿನಲ್ಲೂ ಹೇಳುತ್ತಿದ್ದರು. ಅದೇ ಉಸಿರಿಗೆ, ಪಡಸಾಲೆಯ ಮೂಲೆಯಲ್ಲಿ ಕೂತು, ಎರಡನೇ ಸಲ ಸಾರು ಕೇಳಲು ನಾಚುತ್ತಿದ್ದುದನ್ನೂ ಹೇಳುತ್ತಿದ್ದರು. ಆ ಬಾಗಿಲುಗಳು ಜಾತಿ ನೋಡಿ ತೆರೆಯುತ್ತಿದ್ದವು ಎಂಬುದನ್ನು ಅವರು ಹೇಳಲಿಲ್ಲ; ಅದನ್ನು ನನಗೆ ಹೇಳಿದ್ದು ನಮ್ಮ ಪಿ.ಜಿ.ಯ ಒಬ್ಬ ಹುಡುಗ. “ನಮ್ಮೂರಾಗ ಕೆಲವು ಮನಿ ಕಟ್ಟಿ ಮ್ಯಾಲ ನಾ ಕುಂದ್ರಂಗಿಲ್ರಿ ಆಂಟಿ. ಇಲ್ಲಿ ಯಾರೂ ಕೇಳಂಗಿಲ್ಲ, ಅದಕ್ಕ ಆರಾಮ್ ಅನಸ್ತೈತಿ.” ಫೋನಿನಲ್ಲಿ ಅವನದೊಂದು ಓದುವ ಬಳಗವಿದೆ, ಧಾರವಾಡದಿಂದ ಚಾಮರಾಜನಗರದವರೆಗೆ. ಅವನಿಗೆ ಅದು ಬರೀ ಹೊತ್ತು ಕಳೆಯುವ ಸಾಧನವಲ್ಲ, ತಲೆ ಎತ್ತಿ ಮಾತಾಡಲು ಸಿಕ್ಕ ಕಟ್ಟೆ.

ನನ್ನ ಮಗಳದೂ ಇದೇ ವಾದ. ಅವಳು ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. “ಅಮ್ಮಾ, ತಿಪಟೂರಲ್ಲಿ ನಾನು ಯಾವ ಬಣ್ಣದ ಚೂಡಿದಾರ್ ಹಾಕಿದ್ದೆ ಅಂತ ಬಸ್‌ಸ್ಟ್ಯಾಂಡಿನವರಿಗೂ ಗೊತ್ತಿರ್ತಿತ್ತು. ನಿಂಗೆ ಅದು ವಾಪಸ್ ಬೇಕಾ?” ಬೇಡ. ಆದರೆ ಅದೇ ಮಗಳು ಹೋದ ದೀಪಾವಳಿಗೆ ಕೊಂಕಣದ ಸಮುದ್ರದ ಮುಂದೆ ನಗುತ್ತಾ ನಿಂತ ಫೋಟೊ ಸ್ಟೇಟಸ್‌ಗೆ ಹಾಕಿದ್ದಳು. “ಗೆಳತಿಯರ ಜೊತೆ ಚೆನ್ನಾಗಿ ಸುತ್ತಿದೆಯಲ್ಲಾ” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಬ್ಬಳೇ ಹೋಗಿದ್ದೆ. ಫೋಟೊ ತೆಗೆದಿದ್ದು ಎಳನೀರಿನವನು” ಅಂದಳು. ಆ ಫೋಟೊವನ್ನು ನಾನು ಮೂರು ಜನಕ್ಕೆ ಹೆಮ್ಮೆಯಿಂದ ತೋರಿಸಿದ್ದೆ. ನೋಡಿದೆನೇ ಹೊರತು ಕೇಳಿರಲಿಲ್ಲ. ಆ ಒಂಬತ್ತು ಹುಡುಗರಿಗೂ ನನಗೂ ಏನು ವ್ಯತ್ಯಾಸ?

ಕಾವಲು ಕಾಯುವುದು ಬೇರೆ, ದಾರಿ ಕಾಯುವುದು ಬೇರೆ. ಊರಿನ ಕಾವಲು ತಪ್ಪಿಸಿಕೊಂಡು ಬಂದ ಮಕ್ಕಳಿಗೆ ಪಟ್ಟಣದಲ್ಲಿ ದಾರಿ ಕಾಯುವವರೂ ಇಲ್ಲದ ಹಾಗಾಗಿದೆ.

ಮುಂದಿನದನ್ನು ನಾನು ದೊಡ್ಡಸ್ತಿಕೆಯಿಂದ ಮಾಡಲಿಲ್ಲ, ಸರ್ಕಾರದ ನಿಯಮ ಮಾಡಿಸಿತು. 2024ರ ಆಗಸ್ಟ್‌ನಲ್ಲಿ ನಗರ ಪಾಲಿಕೆ ಪಿ.ಜಿ.ಗಳಿಗೆ ಮಾರ್ಗಸೂಚಿ ಹೊರಡಿಸಿತು. ತಲಾ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಬಾಗಿಲಿಗೆ, ಓಡಾಡುವ ದಾರಿಗೆ ಸಿಸಿಟಿವಿ. ಒಳ್ಳೆಯ ನಿಯಮಗಳೇ. ಅದರ ಪ್ರಕಾರ ನನ್ನ ಹಾಲ್‌ನ ಆರು ಮಂಚ ಮೂರಾಗಬೇಕಿತ್ತು. ಮೂರು ಮಂಚದ ಬಾಡಿಗೆಗೆ ಇಷ್ಟು ಜಾಗ ಯಾಕೆ ಎಂದು ದಸರಾ ರಜೆಯಲ್ಲಿ ಗೋಡೆ ಒಡೆಸಿಬಿಟ್ಟೆ. ಕಡಪ ಮೇಜುಗಳನ್ನು ಗುಜರಿಗೆ ಕೊಟ್ಟಾಗಿತ್ತು. ಎರಡು ಉದ್ದನೆಯ ಬೆಂಚು, ಮೇಜು ಮಾಡಿಸಿದೆ.

ಮೊದಲು ಒಂದು ದಡ್ಡತನ ಮಾಡಿದೆ: ಊಟದ ಹೊತ್ತಿಗೆ ಫೋನ್ ನಿಷೇಧ ಎಂದು ಬೋರ್ಡು ಹಾಕಿದೆ. ಮೂರು ದಿನವೂ ನಡೆಯಲಿಲ್ಲ. ಬೋರ್ಡು ತೆಗೆದು ತಟ್ಟೆಗಳಿಗೆ ನಂಬರ್ ಕೊರೆಸಿದೆ, 1ರಿಂದ 31. ಪಾತ್ರೆ ಅಂಗಡಿಯಲ್ಲಿ ಮದುವೆ ಉಡುಗೊರೆಗೆ ಹೆಸರು ಕೊರೆಯುತ್ತಾರಲ್ಲ, ಹಾಗೆ. ಅವರವರ ತಟ್ಟೆ ಅವರವರೇ ತೊಳೆದು ಸ್ಟ್ಯಾಂಡಿನಲ್ಲಿ ಇಡಬೇಕು. ರಾತ್ರಿ ಒಂಬತ್ತೂವರೆಗೆ ಯಾವ ತಟ್ಟೆ ಒಣಗಿರುತ್ತದೋ ಅದರ ಹಿಂದಿನ ನಂಬರಿನವನು ವಿಚಾರಿಸಬೇಕು. 18 ಒಣಗಿದ್ದರೆ 17ರವನು. ಫೋನ್ ಮಾಡಿ ಕೇಳಿದರೂ ಸರಿ, ಮೆಟ್ಟಿಲು ಹತ್ತಿದರೂ ಸರಿ.

ಎಲ್ಲರಿಗೂ ಇದು ರುಚಿಸಲಿಲ್ಲ. “ಹಾಸ್ಟೆಲ್ ಥರ ಆಯ್ತು” ಎಂದು ಇಬ್ಬರು ತಿಂಗಳಿಗೇ ಖಾಲಿ ಮಾಡಿದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಈಗಲೂ ಅರ್ಧ ಜನ ನೀರಿನ ಜಗ್‌ಗೆ ಫೋನ್ ಒರಗಿಸಿಕೊಂಡೇ ಉಣ್ಣುತ್ತಾರೆ. ಮೂವತ್ತೊಂದು ಜನ ಪ್ರಾಣಸ್ನೇಹಿತರಾದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಮೊನ್ನೆ ಒಬ್ಬನ ಅಜ್ಜಿ ತೀರಿಕೊಂಡಾಗ ರಾತ್ರಿ ಬಸ್ಸಿಗೆ ಅವನ ಜೊತೆ ಮೆಜೆಸ್ಟಿಕ್‌ವರೆಗೆ ಇಬ್ಬರು ಹೋಗಿ ಬಂದರು. ಆಗಾಗ ಒಬ್ಬ ಇನ್ನೊಬ್ಬನ ಹಾಲ್‌ಟಿಕೆಟ್ ಪ್ರಿಂಟ್ ತರುತ್ತಾನೆ. ನಾನು ಕಂಡುಕೊಂಡದ್ದು ಇಷ್ಟು: ಒಂಟಿಯಾದ ಹುಡುಗನಿಗೆ “ಎಲ್ಲರ ಜೊತೆ ಬೆರಿ” ಎಂದು ಉಪದೇಶ ಮಾಡಿದರೆ ಅವನು ಇನ್ನಷ್ಟು ಮುದುಡುತ್ತಾನೆ. “18ರವನು ಉಂಡನಾ ನೋಡಪ್ಪಾ” ಎಂದರೆ ಎದ್ದು ಹೋಗುತ್ತಾನೆ. ಗೆಳೆತನ ಕೊಡಲು ನನ್ನ ಕೈಲಾಗದು, ಕೆಲಸ ಕೊಡಬಲ್ಲೆ.

ಹಾಗಾಗಿ ನನ್ನ ಬೇಡಿಕೆಯೂ ಸಣ್ಣದು. 70 ಚದರ ಅಡಿ ಎಂದು ಬರೆದ ಕೈಯೇ ಇನ್ನೊಂದು ಸಾಲು ಬರೆಯಲಿ: ಇಪ್ಪತ್ತು ಜನಕ್ಕಿಂತ ಹೆಚ್ಚು ಇರುವ ಪಿ.ಜಿ.ಗೆ ಒಟ್ಟಿಗೆ ಕೂತು ಉಣ್ಣುವಷ್ಟು ಜಾಗ ಕಡ್ಡಾಯ. ನನ್ನಂಥ ಮಾಲೀಕರು ಗೊಣಗುತ್ತಾರೆ, ಗೊಣಗಲಿ. ಬಡಾವಣೆಯ ಸರ್ಕಾರಿ ಗ್ರಂಥಾಲಯ ರಾತ್ರಿ ಹತ್ತರವರೆಗೆ ತೆರೆದಿರಲಿ, ಹೊರಗೆ ಮಾತಾಡಲು ಎರಡು ಕಲ್ಲುಬೆಂಚು ಇರಲಿ. ಮನಸ್ಸಿನ ನೋವು ಕಾಯಿಲೆಯಾಗುವ ಮಟ್ಟಕ್ಕೆ ಹೋದವರಿಗೆ ತಟ್ಟೆಯ ನಂಬರು ಸಾಲದು. ಅವರಿಗೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ನಾನು ಹಾಲ್‌ನ ಗೋಡೆಗೆ, ಮೆನು ಪಕ್ಕದಲ್ಲೇ ಅಂಟಿಸಿದ್ದೇನೆ.

ಅಪ್ಪ ಅಮ್ಮಂದಿರಲ್ಲಿ ಒಂದು ಮಾತು. ದಿನಾ ರಾತ್ರಿ ಫೋನ್ ಮಾಡಿ “ಊಟ ಆಯ್ತಾ?” ಎನ್ನುತ್ತೀರಿ. ನಾನೂ ಮಗಳಿಗೆ ವರ್ಷಗಟ್ಟಲೆ ಅದನ್ನೇ ಕೇಳಿದೆ. “ಹೂಂ, ಆಯ್ತು” ಎಂಬ ಉತ್ತರ ಬಾಯಿಪಾಠವಾಗಿರುತ್ತದೆ. ಈಗ “ಯಾರ ಜೊತೆ ಉಂಡೆ?” ಎಂದು ಕೇಳುತ್ತೇನೆ. ಮೊದಮೊದಲು ರೇಗಿದಳು. ಈಗೀಗ ಎರಡು ವಾರಕ್ಕೊಮ್ಮೆಯಾದರೂ ಒಂದು ಹೆಸರು ಹೇಳುತ್ತಾಳೆ.

ಸಿಂಧನೂರಿನ ಹುಡುಗ ಇನ್ನೂ ನಮ್ಮಲ್ಲೇ ಇದ್ದಾನೆ, 26ನೇ ತಟ್ಟೆ. ಮೊನ್ನೆ ಶುಕ್ರವಾರ ಒಂಬತ್ತೂವರೆಗೆ 27 ಒಣಗಿತ್ತು. ಫೋನ್ ಮಾಡಿದ, ಎತ್ತಲಿಲ್ಲ. ಒಂದು ಬಟ್ಟಲಲ್ಲಿ ಅನ್ನ ಸಾರು ಕಲಸಿಕೊಂಡು ಮೂರನೇ ಮಹಡಿಗೆ ಹತ್ತಿದ. ಐದು ನಿಮಿಷಕ್ಕೆ ಬಟ್ಟಲು ಹಿಡಿದುಕೊಂಡು ಹಾಗೇ ವಾಪಸ್ ಬಂದ, ಮುಖ ಗಂಟಿಕ್ಕಿಕೊಂಡು. 27ರವನು ಮದುವೆಮನೆಯಲ್ಲಿ ಹೊಟ್ಟೆಬಿರಿಯ ಹೋಳಿಗೆ ತಿಂದು ಬಂದು, ಫೋನ್ ಸೈಲೆಂಟಿಗೆ ಹಾಕಿ ಮಲಗಿದ್ದನಂತೆ. ನಿದ್ದೆ ಕೆಡಿಸಿದ್ದಕ್ಕೆ ಚೆನ್ನಾಗಿ ಬೈದು ಕಳಿಸಿದ್ದ.

“ಇನ್ನ್ ಮ್ಯಾಲ ನಾ ಹೋಗಂಗಿಲ್ರಿ ಆಂಟಿ” ಎಂದು ಸಿಟ್ಟಿನಲ್ಲಿ ಆ ಬಟ್ಟಲ ಅನ್ನವನ್ನು ತಾನೇ ತಿಂದು ಮುಗಿಸಿದ. ಶನಿವಾರ ರಾತ್ರಿ ಸ್ಟ್ಯಾಂಡಿನ ಮುಂದೆ ನಿಂತು ಅವನು 27ನ್ನು ಬೆರಳಿನಿಂದ ಮುಟ್ಟಿ ನೋಡಿದ್ದನ್ನು ನಾನು ಅಡುಗೆಮನೆಯ ಬಾಗಿಲಿನಿಂದ ಕಂಡೆ. ಒದ್ದೆಯಾಗಿತ್ತು.